ಕೋಟು ಒಯ್ದವರ ಪಟ್ಟಿ

ಮೊನ್ನೆ ಬೇಸ್‌ಮೆಂಟಿನಿಂದ ಚಳಿಗಾಲದ ಬಟ್ಟೆಯ ಪೆಟ್ಟಿಗೆ ಮೇಲೆ ತಂದು ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆ ದಿನವಾಗಿದ್ದರೆ ಈ ವಾಸನೆಯಿಂದ ಯಾವ ಯಾವ ರೋಗ ಬರುತ್ತವೆಂದು ಫೋನಿನಲ್ಲಿ ಹುಡುಕಿ, ಅವೆಲ್ಲ ನನಗೆ ಬಂದಾಗಿವೆ ಎಂದು ನಂಬಿ, ಹೆಂಡತಿಯ ತಲೆ ತಿನ್ನುತ್ತಿದ್ದೆ. ಮೊನ್ನೆ ಸುಮ್ಮನೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಕು ನೆನಪಾದರು...

ಅವರು ನನಗೆ ಸಂಬಂಧವೇನಲ್ಲ. ಧಾರವಾಡದ ಕಡೆಯ ಹುಡುಗರು ಚಿಕ್ಕಮ್ಮನನ್ನು ಕರೆದ ಹಾಗೆ ಅವರನ್ನು ಕಾಕು ಎನ್ನುತ್ತಿದ್ದರು. ಮೈಸೂರಿನವನಾದ ನಾನೂ ಹಾಗೇ ರೂಢಿ ಮಾಡಿಕೊಂಡೆ. 2017ರ ಸುಮಾರಿಗೆ ಈ ಪರದೇಶದ ಮಾರ್ಕಮ್ ಊರಿನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವರು ಕೋಟುಗಳ ಕಪಾಟು ಇಟ್ಟಿದ್ದರು. ಜನವರಿಯಲ್ಲಿ ಕಾಲೇಜು ಸೇರಲು ಬಂದಿಳಿಯುವ ನಮ್ಮ ಮಕ್ಕಳಲ್ಲಿ ಅರ್ಧ ಜನರ ಮೈಮೇಲೆ ಸ್ವೆಟರಿಗಿಂತ ದಪ್ಪದ್ದು ಏನೂ ಇರುತ್ತಿರಲಿಲ್ಲ. ಅವರು ಶನಿವಾರ ಮಧ್ಯಾಹ್ನ ಬಂದು ಒಂದು ಕೋಟು ಒಯ್ಯಬಹುದಿತ್ತು, ಏಪ್ರಿಲ್‌ನಲ್ಲಿ ಬಾಗಿಲ ಹೊರಗಿನ ಡಬ್ಬಕ್ಕೆ ವಾಪಸ್ ಹಾಕಿದರಾಯಿತು.

ಯಾವ ಅಳತೆಯ ಕೋಟು ಉಳಿದಿದೆಯೆಂದು ಮಕ್ಕಳಿಗೆ ಫೋನಿನಲ್ಲೇ ಕಾಣಲಿ, ಬಸ್ಸು ಹತ್ತಿ ಬಂದು ಬರಿಗೈಲಿ ಹೋಗುವುದು ಬೇಡ ಎಂದು ನನ್ನಿಂದ ಒಂದು ವೆಬ್‌ಪೇಜು ಮಾಡಿಸಿದರು. ನಾನು ಯೂನಿಯನ್‌ವಿಲ್ ಹತ್ತಿರದ ಕಂಪನಿಯೊಂದರಲ್ಲಿ ಅಂಗಡಿಗಳಿಗೆ ಆ್ಯಪ್ ಮಾಡುವವನು. ಒಂದು ಜೊತೆ ಕಾಲುಚೀಲ ಕೊಳ್ಳಲು ಬಂದವನಿಂದ ಹುಟ್ಟಿದ ದಿನದವರೆಗೆ ಎಲ್ಲ ಕೇಳಿ ಬರೆದುಕೊಳ್ಳುವುದೇ ನನ್ನ ಕಸುಬು. ಕೈ ತನ್ನ ಪಾಡಿಗೆ ತಾನು ಹೆಸರು, ಫೋನ್ ನಂಬರು, ಕಾಲೇಜು ಎಂದು ಮೂರು ಕಾಲಂ ಹಾಕಿತ್ತು. ಹತ್ತು ದಿನವಾದ ಮೇಲೆ ಅದು ಕಾಕುವಿನ ಕಣ್ಣಿಗೆ ಬಿತ್ತು.

"ಇವು ಯಾಕ, ತಮ್ಮಾ?"

ಏಪ್ರಿಲ್‌ನಲ್ಲಿ ನೆನಪು ಮಾಡಬೇಕಲ್ಲ ಕಾಕು, ಎಂದೆ.

"ಜೇಬಿನಾಗ ಒಂದು ಚೀಟಿ ಇಡು, ಏಪ್ರಿಲ್‌ದಾಗ ತಂದು ಹಾಕ್ರಿ ಅಂತ. ನೆನಪು ಮಾಡೂದು ಕೋಟಿನ ಕೆಲಸ, ನಿಂದಲ್ಲ."

ಆದರೂ ತರದಿದ್ದರೆ?

"ಅವರಿಗೆ ಇನ್ನೂ ಥಂಡಿ ಐತಿ ಅಂತ ತಿಳ್ಕೊಳ್ಳೂದು."

ನಾನು ಬಿಡಲಿಲ್ಲ. ಕೋಟುಗಳೆಲ್ಲ ಕಳೆದುಹೋಗುತ್ತವೆ, ಯಾರೋ ಒಬ್ಬನೇ ಬಂದು ಹತ್ತು ಒಯ್ಯುತ್ತಾನೆ ಎಂದು ನನ್ನ ಹೆದರಿಕೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರು ಕೋಟಿನ ಜಿಪ್ಪು ಸರಿಮಾಡುತ್ತಾ ಕೇಳಿಸಿಕೊಂಡರು. ಊರಲ್ಲಿ ಅವರು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಒಮ್ಮೆ ಒಬ್ಬ ಹುಡುಗಿಯ ಅಣ್ಣ ಬಂದು ತಂಗಿ ಎಲ್ಲಿದ್ದಾಳೆ ಎಂದು ಕೇಳಿದನಂತೆ. ಇವರು ರಿಜಿಸ್ಟರ್ ತೆಗೆದು ರೂಮಿನ ನಂಬರು ಓದಿ ಹೇಳಿದರಂತೆ... ಅಲ್ಲಿಗೆ ನಿಲ್ಲಿಸಿದರು. ಮುಂದೇನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೂರೂ ಕಾಲಂ ತೆಗೆದೆ. ಪೇಜಿನಲ್ಲಿ ಉಳಿದದ್ದು ಅಳತೆ, ಎಷ್ಟು ಕೋಟು ಇವೆ, ಇಷ್ಟೇ. ಬೇಕಾದವರು ಒಂದು ಬಟನ್ ಒತ್ತಿದರೆ ಕೋಟಿನ ನಂಬರು ಬರುತ್ತಿತ್ತು. ಒತ್ತಿದವರು ಯಾರೆಂದು ಅದಕ್ಕೂ ಗೊತ್ತಿರುತ್ತಿರಲಿಲ್ಲ. ಆದರೆ ಆ ಹತ್ತು ದಿನಗಳಲ್ಲಿ ಸೇರಿದ್ದ ಇಪ್ಪತ್ಮೂರು ಜನರ ವಿವರವನ್ನು ನಾನು ಅಳಿಸಲಿಲ್ಲ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮೂರು ಫೋನು ಹಿಂದಿನ ಚಾರ್ಜರನ್ನೂ ಎಸೆಯದ ಜಾತಿ ನನ್ನದು. ಇರಲಿ, ಯಾವತ್ತಾದರೂ ಬೇಕಾದೀತು ಎಂದು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೆ. ಕಾಕುಗೆ ಮಾತ್ರ ಎಲ್ಲ ಅಳಿಸಿದೆ ಎಂದು ಹೇಳಿದೆ.

ಫೆಬ್ರವರಿಯ ಒಂದು ಶನಿವಾರ ಪಕ್ಕದೂರು ಥಾರ್ನ್‌ಹಿಲ್‌ನಿಂದ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಫೋನಿನಲ್ಲಿ ಒಂದು ಫೋಟೊ ತೋರಿಸಿದ: ಬಸ್‌ಸ್ಟಾಪಿನಲ್ಲಿ ನಿಂತ ಹುಡುಗಿ, ಮೈಮೇಲೆ ನಮ್ಮ ದೊಡ್ಡ ಟೋಪಿಯ ನೀಲಿ ಕೋಟು. ತಾನು ಅವಳ ಗಂಡನ ಅಣ್ಣ, ಅವಳು ಮನೆ ಬಿಟ್ಟು ಹೋಗಿದ್ದಾಳೆ, ಕೋಟು ಇಲ್ಲಿಯದೆಂದು ಯಾರೋ ಹೇಳಿದರು, ನಿಮ್ಮಲ್ಲಿ ಅವಳ ಫೋನ್ ನಂಬರು ಇರಬೇಕು, ಕೊಟ್ಟರೆ ಫ್ಯಾಮಿಲಿಯಲ್ಲೇ ಕೂತು ಮಾತಾಡಿಕೊಳ್ಳುತ್ತೇವೆ ಎಂದ.

ಆ ಹುಡುಗಿ ನನಗೆ ನೆನಪಿದ್ದಳು. ಜನವರಿಯ ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಕೇಳಿದ ಮೂರು ಕಾಲಮನ್ನೂ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತುಂಬಿದ್ದಳು.

"ನೋಡ್ರಿ, ಇಲ್ಲಿ ಕೋಟಿನ ನಂಬರ್ ಅದಾವ, ಮಂದಿ ಹೆಸರಿಲ್ಲ" ಎಂದರು ಕಾಕು. ಅವನು ನಕ್ಕ. ಕಾಕು ಎದೆಯುಬ್ಬಿಸಿ ನನ್ನ ಕಡೆ ತಿರುಗಿದರು. "ತಮ್ಮಾ, ಕಂಪ್ಯೂಟರ್ ತಗದು ತೋರಸು ಇವರಿಗೆ. ಎಲ್ಲಾ ತೋರಸು."

ನಾನು ಪೇಜು ತೆರೆದೆ. ಮೀಡಿಯಂ ಹದಿನಾಲ್ಕು, ಲಾರ್ಜ್ ಮೂರು.

"ಇದು ಎಲ್ಲರಿಗೂ ಕಾಣೋದು. ಬ್ಯಾಕೆಂಡ್, ಒಳಗೆ ಇಟ್ಟಿರೋ ವಿವರ ತೋರಿಸಿ ಸಾರ್. ನಾನೂ ಐಟಿನೇ" ಎಂದ.

ಏನೂ ಇಟ್ಟಿಲ್ಲ, ಎಂದೆ. ಕಿವಿ ಬಿಸಿಯಾಯಿತು, ದನಿ ಕೀರಲಾಯಿತು. ಅವನು ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. ಕಾಕು ನನ್ನ ಮುಖ ಒಂದು ಕ್ಷಣ ನೋಡಿ, ಅವನಿಗಿಂತ ಮೊದಲು ಅದನ್ನು ಮುಚ್ಚಿ ಅಂಗೈ ಊರಿ ನಿಂತರು.

"ಇಲ್ಲ ಅಂದನಲ್ರೀ. ಹುಡುಗಿ ಕಾಣವಲ್ಲಳು ಅಂದ್ರ ಪೊಲೀಸರ ಕಡೆ ನಡೀರಿ, ನಾನೂ ಬರ್ತೀನಿ ನಿಮ್ಮ ಜೋಡಿ. ಬೂಟು ಮೆಟ್ಟಲ್ಯಾ?"

ಪೊಲೀಸರ ಮಾತು ಅವನಿಗೆ ಬೇಕಿರಲಿಲ್ಲ. ಹೋದ.

ಕಾಕು ಚಿಲಕ ಹಾಕಿ ಬಂದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ನಾ ಅವಂಗ ಎದಿ ತಟ್ಟಿ ಇಲ್ಲ ಅಂದೆ. ನೀ ನನ್ನ ಸುಳ್ಳುಗಾರ್ತಿ ಮಾಡಿದಿ. ಅಳಸು, ನನ್ನ ಮುಂದ." ಹಿಂದೆ ನಿಂತು ನೋಡಿದರು. ಕಂಪ್ಯೂಟರಿನ ಕಸದ ಬುಟ್ಟಿ ಕೇಳಿದರು, ಖಾಲಿ ಮಾಡಿದೆ. ಮತ್ತೆಲ್ಲಿ ಎಂದರು. ನನಗೆ ನಾನೇ ಕಳಿಸಿಕೊಂಡಿದ್ದ ಇಮೇಲಿನಲ್ಲಿತ್ತು. ಮತ್ತೆಲ್ಲಿ? ಕಾರಿನ ಕೀಲಿಗೊಂಚಲಿನ ಪೆನ್‌ಡ್ರೈವಿನಲ್ಲಿತ್ತು. ನನ್ನ ಎಚ್ಚರಿಕೆಯ ಬುದ್ಧಿಗೆ ನಾನು ಅಷ್ಟು ನಾಚಿದ್ದು ಅದೇ ಮೊದಲು.

ಮುಂದಿನ ವಾರ ಆಫೀಸಿನಲ್ಲಿ ಹೊಸ ಆ್ಯಪಿನ ಮೀಟಿಂಗು. ಹುಟ್ಟಿದ ದಿನ ಯಾಕೆ ಬೇಕು ಎಂದು ಕೇಳಿದೆ. ಕೂಪನ್ ಕೊಡಲು, ಎಂದರು. ಇವತ್ತು ನನ್ನ ಹುಟ್ಟುಹಬ್ಬ ಎಂದು ಯಾರು ಹೇಳಿದರೂ ಕೊಟ್ಟುಬಿಡಿ, ಹೇಗೂ ವರ್ಷಕ್ಕೊಂದು ಕೂಪನ್ ತಾನೇ, ಎಂದೆ. ನಕ್ಕರು. ಆ ಕಾಲಂ ನಾನು ಬರೆಯುವುದಿಲ್ಲ ಎಂದೆ. ಬೇರೆಯವರು ಬರೆದರು. ಅವತ್ತಿನಿಂದ ಇವತ್ತಿನವರೆಗೂ ಪ್ರತಿ ಕಾಲಮಿಗೂ ಇದು ಯಾಕೆ ಎಂದು ಕೇಳುತ್ತೇನೆ. ನನ್ನನ್ನು ಮೀಟಿಂಗಿಗೆ ಕರೆಯುವುದು ಕಡಿಮೆಯಾಗಿದೆ. ಆಗಲಿ. ಕರೆದರೆ ಮತ್ತೆ ಕೇಳುತ್ತೇನೆ.

ಆ ನೀಲಿ ಕೋಟು ವಾಪಸ್ ಬರಲಿಲ್ಲ. ಹುಡುಗಿ ಎಲ್ಲಿ ಹೋದಳು, ಹೇಗಿದ್ದಾಳೆ, ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನಾವೇ ಮಾಡಿದ್ದು.

ಕಾಕು ಹೋಗಿ ಈಗ ಮೂರು ಚಳಿಗಾಲ. ಅವರು ತೀರಿಕೊಂಡಾಗ ಕನ್ನಡ ಬಳಗದವರು ಫೋನು ಮಾಡಿ, ಕೋಟು ಒಯ್ದ ಮಕ್ಕಳಿಗೆಲ್ಲ ಸುದ್ದಿ ಮುಟ್ಟಿಸಬೇಕು, ಪಟ್ಟಿ ಕಳಿಸಿ ಎಂದರು. ಅಷ್ಟು ವರ್ಷ, ಅಷ್ಟು ಮಕ್ಕಳು... ಶೋಕಸಭೆಯಲ್ಲಿ ನಾವು ಹನ್ನೊಂದು ಜನರಿದ್ದೆವು. ಹಾಕಿಸಿದ್ದ ಕುರ್ಚಿಗಳು ಸಾಲು ಸಾಲಾಗಿ ಖಾಲಿ ಇದ್ದವು. ಅವುಗಳನ್ನು ನೋಡಿ ಪಟ್ಟಿ ಇದ್ದಿದ್ದರೆ ಎಂದು ಒಂದು ಸಲ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಆದರೂ ಅವತ್ತು ಫೋನಿನಲ್ಲಿ ಬಳಗದವರಿಗೆ ನಾನು ಕೊಟ್ಟದ್ದು, ಥಾರ್ನ್‌ಹಿಲ್‌ನಿಂದ ಬಂದವನಿಗೆ ಕೊಟ್ಟ ಉತ್ತರವನ್ನೇ: ಏನೂ ಇಟ್ಟಿಲ್ಲ. ಈ ಸಲ ಅದು ನಿಜವಾಗಿತ್ತು.