ಗುತ್ತೆವ್ವ ಮತ್ತು ಗುಳಿಗಿ ಮಂದಿ

ಗುತ್ತೆವ್ವ ತೀರಿಕೊಂಡ ದಿನ ಸವಣೂರಿನ ನಮ್ಮ ಓಣಿಗೆ ಯಾರಿಗೂ ಗುರುತಿಲ್ಲದ ಹನ್ನೊಂದು ಮಂದಿ ಬಂದರು. ಹಾನಗಲ್ಲಿನ ಪೀರಸಾಬ ಹೊರಗಿನ ಕಟ್ಟೆಯ ಮೇಲೆ ಕೂತ. ಚಿಕ್ಕೇರೂರಿನ ಮುದುಕಿ ಅಡಿವೆವ್ವ ಹೆಣದ ಕಾಲ ಹತ್ತಿರ ಕೂತು, ಹೆತ್ತ ಮಗಳು ಹೋದ ಹಾಗೆ ಹಾಡಿಕೊಂಡು ಅತ್ತಳು. ಓಣಿಯ ಹೆಂಗಸರು ಶಾಲೆಯ ಅಕ್ಕೋರಾದ ನನ್ನನ್ನು ಬದಿಗೆ ಕರೆದರು.

"ಅಕ್ಕೋರ, ಇವರೆಲ್ಲಾ ಗುತ್ತೆವ್ವಗ ಏನಾಗ್ಬೇಕ್ರಿ?"

ಬೀಗರಲ್ಲ, ಬಳಗದವರಲ್ಲ, ಒಂದೇ ಊರಿನವರೂ ಅಲ್ಲ. ಆಮೇಲೆ ಹೇಳುತ್ತೇನೆ ಎಂದು ನುಣುಚಿಕೊಂಡೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ಅವಳ ತಮ್ಮ ಗಿರಿಯಪ್ಪನನ್ನು ಕೇಳದೆ ಬರೆದದ್ದಲ್ಲ. "ಬರೀರಿ, ಹೆಸರ ಸೈತ ಹಾಕ್ರಿ. ಇನ್ನ ಯಾರಿಗೆ ಮುಚ್ಚೂದೈತಿ?" ಎಂದ.

ಗುತ್ತೆವ್ವ ಎಲೆ ಕಟ್ಟುವವಳು. ತೋಟದಿಂದ ಬಂದ ವೀಳ್ಯದೆಲೆಯಲ್ಲಿ ಹರಿದದ್ದು, ಹಣ್ಣಾದದ್ದು ತೆಗೆದು, ನೂರರ ಕಟ್ಟು ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತುವುದು ಅವಳ ಕೆಲಸ. ನನ್ನ ಜೊತೆ ಹರಟುತ್ತಲೇ ಎಣಿಸುತ್ತಿದ್ದಳು, ಲೆಕ್ಕ ತಪ್ಪುತ್ತಿರಲಿಲ್ಲ. ಹಿರೇಕೆರೂರಿನ ಕಡೆಗೆ ಕೊಟ್ಟಿದ್ದರು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ತವರೆಂದರೆ ಆಗ ಉಳಿದಿದ್ದವನು ಗಿರಿಯಪ್ಪ ಒಬ್ಬನೇ. ಅವನು ಎಲೆತೋಟದ ಆಳು. ಎತ್ತರಕ್ಕೆ ಹೋದ ಬಳ್ಳಿಯನ್ನು ವರ್ಷಕ್ಕೊಮ್ಮೆ ಗಿಡದಿಂದ ಬಿಡಿಸಿ, ಮುರಿಯದಂತೆ ಬುಡಕ್ಕೆ ಸುತ್ತಿ, ಮಣ್ಣು ಕೊಟ್ಟು ಮತ್ತೆ ಹತ್ತಿಸಬೇಕು. ಆ ಕೆಲಸಕ್ಕೆ ಅವನನ್ನೇ ಕರೆಯುತ್ತಿದ್ದರು.

೧೯೭೮ರ ಬೇಸಿಗೆಯ ಒಂದು ಮಧ್ಯಾಹ್ನ ಅದೇ ಗಿರಿಯಪ್ಪ ಒಂದು ಸಾಲು ಬಳ್ಳಿಯನ್ನು ಬೇರುಸಹಿತ ಕಿತ್ತೊಗೆದ. "ಬಳ್ಳ್ಯಾಗ ಕುಂತು ನನ್ನ ಬೈತಾರ" ಎಂದ. ತೋಟದ ಮಾಲೀಕ ಹೊರಗೆ ಹಾಕಿದ. ಮರುದಿನ ಅವರ ಕಾಕಾ ಹುಚ್ಚಪ್ಪ ಎತ್ತು ಕಟ್ಟುವ ಸರಪಳಿಯೊಂದನ್ನು ತಂದು ಪಡಸಾಲೆಯ ಗೂಟಕ್ಕೆ ತೂಗುಹಾಕಿದ.

"ದೀಪಾವಳಿ ಮಟ ನೋಡ್ತೇನಿ ಗುತ್ತೆವ್ವಾ. ಅಷ್ಟರಾಗ ನೆಟ್ಟಗಾಗಲಿಲ್ಲಂದ್ರ ಹಿತ್ತಲದಾಗ ಕಟ್ಟಾಂವ. ಇವತ್ತ ಬಳ್ಳಿ ಕಿತ್ತಾನ, ನಾಳೆ ಮಂದೀನ್ನ ಬಡದ್ರ ಯಾರ ಜವಾಬ?"

ಹುಚ್ಚಪ್ಪ ಕೆಟ್ಟ ಮನುಷ್ಯನಲ್ಲ. ಬೇರೆ ದಾರಿ ಅವನು ಕಂಡಿರಲಿಲ್ಲ. ಗುತ್ತೆವ್ವನೂ ಕಂಡಿರಲಿಲ್ಲ. ತಾಯಿತ ಕಟ್ಟಿಸಿದಳು, ನಿಂಬೆಹಣ್ಣು ಇಳಿಸಿದಳು, ಯಾರೋ ಕೊಟ್ಟ ಬೂದಿಯನ್ನು ನೀರಲ್ಲಿ ಕಲೆಸಿ ಕುಡಿಸಿದಳು. ಧಾರವಾಡದಲ್ಲಿ ಮನಸ್ಸಿನ ಬೇನೆಗೆ ದೊಡ್ಡ ದವಾಖಾನೆ ಇದೆ, ಚೀಟಿ ಮಾಡಿಸಿ ಔಷಧ ತಂದು ಮನೆಯಲ್ಲೇ ಇರಿಸಿಕೊಳ್ಳಬಹುದು ಎಂದು ನಾನು ಹೇಳಿದಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬಾಗಿಲಲ್ಲಿ ನಿಂತು ಕೇಳಿದಳು: "ಅಲ್ಲಿ ಕಟ್ಟಿಹಾಕ್ತಾರೇನ್ರಿ?"

"ಕಟ್ಟಂಗಿಲ್ಲ. ಮಾತಾಡಸ್ತಾರ."

"ಮಾತಾಡಸ್ತಾರ?" ಎಂದು ನಂಬದವಳಂತೆ ಇನ್ನೊಮ್ಮೆ ಕೇಳಿ ಹೋದಳು.

ಬಳ್ಳಿರೋಗವನ್ನು ದೊಡ್ಡವರಿಗೆ ತೋರಿಸಿ ಬರೋಣ ಎಂದು ಸುಳ್ಳು ಹೇಳಿ ತಮ್ಮನನ್ನು ಕರೆದೊಯ್ದಳು. ಗಿರಿಯಪ್ಪ ಕಪ್ಪು ಚುಕ್ಕೆ ಬಿದ್ದ ನಾಲ್ಕು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದ. ಡಾಕ್ಟರು ಮೊದಲು ಎಲೆಗಳನ್ನೇ ಬೆಳಕಿಗೆ ಹಿಡಿದು ನೋಡಿದರಂತೆ, ಆಮೇಲೆ ಅರ್ಧ ತಾಸು ಅವನನ್ನು ಮಾತಾಡಿಸಿದರಂತೆ. ದಿನಕ್ಕೊಂದರಂತೆ ಗುಳಿಗೆ ಬರೆದುಕೊಟ್ಟರು. ತಿರುಗಿ ಬರುವಾಗ ಗಿರಿಯಪ್ಪನಿಗೆ ಎಲ್ಲ ತಿಳಿಯಿತು. "ನನಗ ಹುಚ್ಚ ಹಿಡಿದಿಲ್ಲ. ಗುಳಿಗಿ ನುಂಗಂಗಿಲ್ಲ. ಇನ್ನ ಧಾರವಾಡಕ್ಕೂ ಬರಂಗಿಲ್ಲ" ಎಂದವನು ಆ ಮಾತಿನಿಂದ ಕದಲಲಿಲ್ಲ.

ಅಂದಿನಿಂದ ತಿಂಗಳಿಗೊಂದು ಮಂಗಳವಾರ ಗುತ್ತೆವ್ವ ಒಬ್ಬಳೇ ಗುಳಿಗೆ ತರಲು ಹೋಗತೊಡಗಿದಳು. ಸವಣೂರಿನಿಂದ ಶಿಗ್ಗಾಂವಿ, ಅಲ್ಲಿ ಬಸ್ಸು ಬದಲಿಸಿ ಹುಬ್ಬಳ್ಳಿ, ಮುಂದೆ ಧಾರವಾಡ. ಶಿಗ್ಗಾಂವಿಯ ನಿಲ್ದಾಣದಲ್ಲಿ ಒಂದು ತಾಸಾದರೂ ಕಾಯಬೇಕು. ಅಲ್ಲಿ ಬೇವಿನ ಗಿಡದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಒಂದು ಕಾಗದದ ಪೊಟ್ಟಣವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದಳು. ಗುತ್ತೆವ್ವನ ಸೆರಗಿನೊಳಗೂ ಅಂಥದೇ ಪೊಟ್ಟಣ. ಒಮ್ಮೆ ಗುತ್ತೆವ್ವನೇ ಕೇಳಿದಳು:

"ಎಲ್ಲಿಗೆ ಹೊಂಟೀರಿ ಯವ್ವಾ?"

"ಧಾರವಾಡಕ್ಕ, ನೆಂಟರ ಮನಿಗೆ. ನೀವು?"

"ನಾವೂ ನೆಂಟರ ಮನಿಗೇ."

ಎದುರಿನ ಚಹಾ ಅಂಗಡಿಯ ಬಾಕಿನ ಮೇಲಿದ್ದವನೊಬ್ಬ ಜೋರಾಗಿ ನಕ್ಕ. "ಭಾರಿ ದೊಡ್ಡ ಮನಿ ಬಿಡ್ರಿ ಅದು. ನಾನೂ ಅಲ್ಲೀ ನೆಂಟನ." ಜೇಬಿನಿಂದ ಅಂಥದೇ ಪೊಟ್ಟಣ ತೆಗೆದು, ಒಂದು ಗುಳಿಗೆಯನ್ನು ಎಲ್ಲರೆದುರು ಬಾಯಿಗೆ ಹಾಕಿಕೊಂಡು, ಚಹಾ ಕುಡಿದ. ಅವನೇ ಪೀರಸಾಬ. ಹಾನಗಲ್ಲಿನ ದರ್ಜಿ. "ಹತ್ತ ವರ್ಷದ ಹಿಂದ ನನ್ನ ಮಷಿನ್ನು ನನ್ನ ಹೆಸರ ಹಿಡದ ಕರೀತಿತ್ರಿ. ಈಗ ಹೊಲದಷ್ಟ ಹೊಲದು ಸುಮ್ಮ ಕುಂದರತೈತಿ."

ಆ ಮುದುಕಿಯೇ ಅಡಿವೆವ್ವ. ಅವಳೂ ಸೆರಗು ಸರಿಸಿ ತನ್ನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಮಗ ಮಂಜಪ್ಪನಿಗೆ ಬೇನೆ. ಆ ದಿನ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹುಬ್ಬಳ್ಳಿಯವರೆಗೂ ಮಾತಾಡಿದರಂತೆ. ನಿದ್ದೆ, ಊಟ, ನೆರೆಯವರ ಬಾಯಿ, ಎಲ್ಲವನ್ನೂ. "ಅಕ್ಕೋರ, ನನ್ನ ಮನ್ಯಾಗಷ್ಟ ಐತಿ ಅಂದ್ಕೊಂಡಿದ್ದೆ" ಎಂದು ಗುತ್ತೆವ್ವ ಬಂದು ನನಗೆ ಹೇಳಿದಳು.

ಇಷ್ಟಾದರೂ ಗಿರಿಯಪ್ಪ ಸುಧಾರಿಸಲಿಲ್ಲ. ಶ್ರಾವಣ ಹೋಯಿತು, ಗಣಪತಿ ಹಬ್ಬ ಹೋಯಿತು. ಅವನು ಊಟವನ್ನೇ ಅರ್ಧಕ್ಕೆ ಬಿಡತೊಡಗಿದ. ಅಕ್ಕನ ಕೈಯ ರೊಟ್ಟಿಯನ್ನು ಮುರಿದು, ಮೂಸಿ ನೋಡಿ ಇಡುತ್ತಿದ್ದ. ಸರಪಳಿ ಗೂಟದಲ್ಲೇ ಇತ್ತು.

ದಸರೆಯ ಸೂಟಿಯಲ್ಲಿ ಶಾಲೆ ಇಲ್ಲದ್ದರಿಂದ ಧಾರವಾಡಕ್ಕೆ ನಾನೂ ಅವಳ ಜೊತೆ ಹೋದೆ. ಡಾಕ್ಟರು ಚೀಟಿ ನೋಡಿದರು. "ಔಷಧ ಎರಡು ಸಲ ಹೆಚ್ಚು ಮಾಡೇನಿ. ದಿನಾ ತಗೋತಾನಲ್ಲ?"

"ನನ್ನ ಕೈಯಾರ ಕೊಡ್ತೇನ್ರಿ."

"ಹಂಗಾರ ಒಮ್ಮೆ ಕರಕೊಂಡು ಬರ್ರಿ. ಸ್ವಲ್ಪ ದಿನ ಇಲ್ಲೇ ಇಟ್ಕೊಂಡು ನೋಡೋಣ."

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಹೇಗೆ ಕೊಡುತ್ತಾಳೆ ಎಂದು ನಾನೂ ಅದುವರೆಗೆ ಕೇಳಿರಲಿಲ್ಲ. ಶಿಗ್ಗಾಂವಿಗೆ ಮರಳಿ ಬೇವಿನ ಕಟ್ಟೆಯಲ್ಲಿ ಕೂತಾಗ ಅವಳ ಮುಖ ನೋಡಿ ಕೇಳಿದವನು ಪೀರಸಾಬ.

"ನುಂಗಂಗಿಲ್ಲ ಅಂದಾಂವ ಹೆಂಗ ತಗೋತಾನ ತಂಗಿ?"

ಗುತ್ತೆವ್ವ ದನಿ ತಗ್ಗಿಸಿದಳು. "ಏನ ಬ್ಯಾಡಂದ್ರೂ ನನ್ನ ಕೈಯಾಂದ ಎಲಿ ಬ್ಯಾಡನ್ನಂಗಿಲ್ಲ ಅಂವ. ಗುಳಿಗಿ ಕುಟ್ಟಿ ಪುಡಿ ಮಾಡಿ, ಸುಣ್ಣದಾಗ ಕಲಿಸಿ ಎಲಿಗೆ ಹಚ್ತೇನಿ. ಅಡಿಕಿ ಇಟ್ಟು ಮಡಚಿ ಕೊಡ್ತೇನಿ."

ಪೀರಸಾಬ ಚಹಾದ ಕಪ್ಪನ್ನು ಕೆಳಗಿಟ್ಟ. "ಆ ಎಲಿ ಅಂವ ನುಂಗ್ತಾನೋ, ಉಗುಳ್ತಾನೋ?"

ಗುತ್ತೆವ್ವ ಹುಟ್ಟಿದಾಗಿನಿಂದ ಎಲೆಯ ನಡುವೆಯೇ ಬೆಳೆದವಳು. ಎಲೆ ಹಾಕಿದವನು ಉಗುಳುತ್ತಾನೆ ಎಂಬುದು ಅವಳಿಗೆ ಉಸಿರಾಟದಷ್ಟು ಸಹಜ. ಅದಕ್ಕೇ ಹೊಳೆದಿರಲಿಲ್ಲವೇನೋ.

ಅಡಿವೆವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ನಾಕ ತಿಂಗಳ ಹಿತ್ತಲ ಗ್ವಾಡಿಗೆ ಔಷಧಾ ಕೊಟ್ಟಿಯಲ್ಲ ನನ್ನವ್ವಾ!"

"ಗ್ವಾಡಿಗೆ ನಿದ್ದಿ ಚಲೋ ಬರಾಕತ್ತೈತೇನ ಕೇಳ್ರಿ" ಎಂದ ಪೀರಸಾಬ.

ಮೊದಲು ನಕ್ಕವಳು ಗುತ್ತೆವ್ವನೇ. ನಗುತ್ತ ನಗುತ್ತ ಅಳತೊಡಗಿದಳು. ಗೂಟದಲ್ಲಿದ್ದ ಸರಪಳಿ, ಹತ್ತಿರ ಬಂದ ದೀಪಾವಳಿ, ಎಲ್ಲವನ್ನೂ ಆ ಕಟ್ಟೆಯ ಮೇಲೆ ಹೇಳಿದಳು. ಪೀರಸಾಬ ಎಲ್ಲ ಕೇಳಿ, "ಮನಿ ಹಿರೇನ ಹೆಸರು ಹುಚ್ಚಪ್ಪ, ಸರಪಳಿ ಮಾತ್ರ ಹುಡುಗಗ. ಇದ್ಯಾವ ನ್ಯಾಯ?" ಎಂದು ಅವಳನ್ನು ಮತ್ತೊಮ್ಮೆ ನಗಿಸಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ನನ್ನ ಹೆಂಡ್ತಿ ಚಹಾದಾಗ ಹಾಕತಿದ್ದಳು. ನಾ ಚಹಾನ ಬಿಟ್ಟೆ. ಕಡೀಕ ಹೇಳಿಬಿಟ್ಳು. ನೀನೂ ಹೋಗಿ ಹೇಳು. ಬೈದ್ರ ಬೈಸ್ಕೋ."

ಮರುದಿನ ಬೆಳಿಗ್ಗೆ ನನ್ನನ್ನೂ ಮನೆಗೆ ಕರೆದಳು. ಒಬ್ಬಳೇ ಹೇಳಲು ಧೈರ್ಯವಿರಲಿಲ್ಲ. ಗಿರಿಯಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅವಳು ಎದುರಿಗೆ ಕೂತು, ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಗಿರಿಯಾ, ನಿನ್ನ ಎಲ್ಯಾಗ ನಾ ಗುಳಿಗಿ ಹಾಕತಿದ್ದೆ. ನಾಕ ತಿಂಗಳಾತು."

ಅವನು ಅವಳನ್ನೇ ನೋಡಿದ. ಏಳುತ್ತಾನೆ, ಹೊಡೆಯುತ್ತಾನೆ ಎಂದು ನಾನು ಹೆದರಿದೆ.

"ನಾಲಿಗಿ ಜೋಮ ಹಿಡೀತಿತ್ತು" ಎಂದ. "ಕಹಿ ಇರತಿತ್ತು. ನನಗ ಎಲಿ ರುಚಿ ಗೊತ್ತಿಲ್ಲೇನಕ್ಕಾ? ನಿಮ್ಮಕ್ಕ ವಿಷಾ ಹಾಕಾಕತ್ತಾಳ ಅಂತ ಬಳ್ಳ್ಯಾಗಿನವರು ಹೇಳತಿದ್ರು. ಅಕಿ ಹಂತಾಕಿ ಅಲ್ಲ ಅಂತ ನಾ ಜಗಳ ಮಾಡತಿದ್ದೆ. ಎಲಿ ಹಾಕ್ಕೊಂಡ್ರ ಮತ್ತ ನಾಲಿಗಿ ಜೋಮ."

"ಮತ್ಯಾಕ ದಿನಾ ಇಸ್ಕೊಂಡಿ?"

"ನೀ ಕೊಡತಿದ್ದಿ."

ಗುತ್ತೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಮುಂದಕ್ಕೆ ಬಗ್ಗಿದ.

"ಅಂದ್ರ ಎಲ್ಯಾಗ ಖರೇನ ಇತ್ತು?"

"ಇತ್ತಪಾ."

"ನನ್ನ ತಲ್ಯಾಗಿಂದಲ್ಲ ಅದು?"

"ಅಲ್ಲ."

ಗಿರಿಯಪ್ಪ ಉಸಿರು ಬಿಟ್ಟ. ಹೊತ್ತ ಮೂಟೆಯನ್ನು ಇಳಿಸಿದವನ ಉಸಿರು ಅದು, ನನಗೆ ಇಂದಿಗೂ ಕೇಳಿಸುತ್ತದೆ. ತಿಂಗಳುಗಟ್ಟಲೆ ಅವನು ಹೇಳಿದ್ದೆಲ್ಲ ಸುಳ್ಳೆಂದೇ ಎಲ್ಲರೂ ಅಂದಿದ್ದೆವು. ಒಂದಾದರೂ ನಿಜವಾಗಿತ್ತು.

"ಮತ್ತ ಬಳ್ಳ್ಯಾಗಿನ ದನಿ?" ಎಂದು ಕೇಳಿದ.

"ಅದು ನನಗ ಕೇಳಸಂಗಿಲ್ಲ ಗಿರಿಯಾ."

"ಖರೇನ?"

"ನಿನ್ನಾಣಿ. ಇನ್ನ ನಿನಗ ಸುಳ್ಳ ಹೇಳಂಗಿಲ್ಲ."

ಅವನು ಅಂಗೈ ಚಾಚಿದ. "ತಾ ಇಲ್ಲಿ. ಕುಟ್ಟಬ್ಯಾಡ." ಅವಳು ಇಡೀ ಗುಳಿಗೆಯನ್ನು ಅಂಗೈಯಲ್ಲಿಟ್ಟಳು. ಅವನು ಅದನ್ನು ಅವಳ ಮುಖದೆದುರು ಹಿಡಿದು, "ನೋಡು" ಎಂದು, ನುಂಗಿ, ತಂಬಿಗೆಯ ನೀರು ಕುಡಿದ.

ದೀಪಾವಳಿಯ ಹೊತ್ತಿಗೆ ಅವನು ಪೂರ್ತಿ ನೆಟ್ಟಗಾಗಿರಲಿಲ್ಲ. ಆದರೆ ನಿದ್ದೆ ಮಾಡುತ್ತಿದ್ದ, ರೊಟ್ಟಿ ಮೂಸುವುದನ್ನು ಬಿಟ್ಟಿದ್ದ. ಹುಚ್ಚಪ್ಪ ಬಂದು, ಅವನು ಎರಡು ಹೋಳಿಗೆ ತಿಂದದ್ದನ್ನು ಕಣ್ಣಾರೆ ನೋಡಿ, ಗೂಟದಿಂದ ಸರಪಳಿ ಬಿಚ್ಚಿದ. "ನಮ್ಮ ಎತ್ತಿಗೆ ಬೇಕಾಗಿತ್ತು ಇದು" ಎಂದು, ಯಾರ ಮುಖವನ್ನೂ ನೋಡದೆ ಹೊತ್ತುಕೊಂಡು ಹೋದ. ಸಂಕ್ರಾಂತಿ ಕಳೆದ ಮೇಲೆ ಇನ್ನೊಬ್ಬ ತೋಟದ ಮಾಲೀಕ ಮಜೀದ ತನ್ನ ಎಲೆತೋಟಕ್ಕೆ ಗಿರಿಯಪ್ಪನನ್ನು ಕರೆದ. ಗುಳಿಗೆಯಿಂದ ಕೈ ತುಸು ನಡುಗುತ್ತಿತ್ತು. ಡಾಕ್ಟರು ಔಷಧ ಬದಲಿಸಿದ ಮೇಲೆ ಅದೂ ಕಡಿಮೆಯಾಯಿತು. ದನಿ ಪೂರಾ ನಿಂತಿದೆ ಎಂದು ಅವನು ಎಂದೂ ಹೇಳಲಿಲ್ಲ. "ಆಚೆ ಓಣ್ಯಾಗ ಯಾರೋ ಮಾತಾಡಿದಂಗ" ಎನ್ನುತ್ತಿದ್ದ.

ಮಂಗಳವಾರಗಳು ಮುಂದುವರಿದವು. ಈಗ ಗಿರಿಯಪ್ಪನೂ ಜೊತೆಗೆ, ಅಡಿವೆವ್ವನ ಮಂಜಪ್ಪನೂ. ರಟ್ಟೀಹಳ್ಳಿಯಿಂದ ಒಬ್ಬ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬರತೊಡಗಿದರು. ಬಸ್ಸು ತಪ್ಪಿದರೂ ಯಾರಿಗೂ ಬೇಸರವಿರಲಿಲ್ಲ. ಬೇವಿನ ಕಟ್ಟೆಯ ಆ ಒಂದು ತಾಸಿಗಾಗಿಯೇ ಬೇಗ ಬರುವವರಿದ್ದರು. ಗುಳಿಗೆ ತಗೊಂಡರೆ ನಿದ್ದೆ ಹೆಚ್ಚಾಗುತ್ತದೆ ಎಂದು ಒಬ್ಬರು ಹೇಳಿದರೆ, ಡಾಕ್ಟರಿಗೆ ಹೇಳಿ ಹೊತ್ತು ಬದಲಿಸಿಕೊಂಡದ್ದನ್ನು ಇನ್ನೊಬ್ಬರು ಹೇಳುವರು. ಆರಾಮಾಯಿತೆಂದು ಗುಳಿಗೆ ಬಿಟ್ಟವರನ್ನು ಪೀರಸಾಬ ಎಲ್ಲರೆದುರು ಬೈಯುವನು, ತಾನೂ ಎರಡು ಸಲ ಹಾಗೆ ಬಿಟ್ಟು ಬಿದ್ದ ಕಥೆ ಹೇಳುವನು. ಕಂಡಕ್ಟರ್ ಇವರಿಗೆ ಗುಳಿಗಿ ಮಂದಿ ಎಂದು ಹೆಸರಿಟ್ಟ. ಸಿಟ್ಟು ಬರಬೇಕಿತ್ತು, ಯಾರಿಗೂ ಬರಲಿಲ್ಲ. "ಗುಳಿಗಿ ಮಂದಿ ಹತ್ರೀ!" ಎಂದರೆ ಹತ್ತುವರು.

ಸೆರಗಿನೊಳಗೆ ಪೊಟ್ಟಣ ಮುಚ್ಚಿಕೊಂಡ ಹೊಸ ಮುಖ ಕಂಡರೆ ಗುತ್ತೆವ್ವ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. "ನೀವೂ ನೆಂಟರ ಮನಿಗೇನ್ರೀ?"

ಒಂಬತ್ತು ವರ್ಷ ಹೀಗೆ ನಡೆಯಿತು. ಈ ಶ್ರಾವಣದಲ್ಲಿ ಅವಳಿಗೆ ಕಾಮಣಿ ಆಗಿ ಕಣ್ಣು, ಮೈ ಹಳದಿಯಾದವು. ಹನ್ನೆರಡು ದಿನ ಮಲಗಿದಳು. ತನ್ನ ಬಗ್ಗೆ ಏನೂ ಕೇಳಲಿಲ್ಲ. "ಅಕ್ಕೋರ, ದಿನಾ ದೀಪ ಹಚ್ಚೂಮುಂದ ಅಂವ ನನಗ ತೋರಿಸೇ ನುಂಗ್ತಾನ. ನಾ ಇಲ್ಲಂದ್ರ ಯಾರಿಗೆ ತೋರಸ್ತಾನ್ರಿ?" ಎಂದಷ್ಟೇ ಕೇಳಿದಳು. ನಾನಿದ್ದೇನೆ ಎಂದೆ. ಹೇಳಿದೆನೇ ಹೊರತು ನನಗೇ ಭರವಸೆಯಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಗಿರಿಯಪ್ಪ ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತಿದ್ದ. ಗುಳಿಗಿ ಮಂದಿ ಇನ್ನೂ ಹೋಗಿರಲಿಲ್ಲ. ಒಳಗೆ ದೀಪ ಹಚ್ಚಿದರು. ಅವನು ಎದ್ದು ಗೂಡಿನಿಂದ ಪೊಟ್ಟಣ ತಂದ. ಒಂದು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕ ಕೂತು ಎಲೆ ಕಟ್ಟುತ್ತಿದ್ದ ಬಾಗಿಲ ಕಡೆ ನೋಡಿದ. ನೋಡುತ್ತಲೇ ಇದ್ದ.

ಪೀರಸಾಬ ಮೆಲ್ಲಗೆ ಜೇಬಿಗೆ ಕೈಹಾಕಿ ತನ್ನ ಗುಳಿಗೆ ತೆಗೆದ. "ನಂದೂ ಉಳದೈತಪಾ ಇವತ್ತ" ಎಂದು ಅಂಗೈ ತೋರಿಸಿದ. ಮಂಜಪ್ಪನೂ ತನ್ನದನ್ನು ತೆಗೆದ. ಗಿರಿಯಪ್ಪ ಅವರಿಬ್ಬರ ಕೈ ನೋಡಿ, ನನ್ನ ಕಡೆ ತಿರುಗಿದ.

"ನೋಡ್ರಿ ಅಕ್ಕೋರ."

ನೋಡಿದೆ. ನುಂಗಿದ. ತಂಬಿಗೆ ಒಬ್ಬರಿಂದ ಒಬ್ಬರಿಗೆ ಹೋಯಿತು. ಅವತ್ತು ಬೆಳಗಿನಿಂದ ಬಾರದ ಅಳು ನನಗೆ ಆಗ ಬಂತು. ಅದರೊಳಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಹೋದ ಮಂಗಳವಾರ ಗಿರಿಯಪ್ಪ ಮೊದಲ ಸಲ ಒಬ್ಬನೇ ಧಾರವಾಡಕ್ಕೆ ಹೋಗಿ ಬಂದ. ಸಂಜೆ ಬಂದವನು ಚೀಟಿ ತೋರಿಸಿ, ಬಾಗಿಲಲ್ಲೇ ನಿಂತು ಹೇಳಿದ: "ಶಿಗ್ಗಾಂವ್ಯಾಗ ಒಬ್ಬಾಕಿ ಸೆರಗಿನ್ಯಾಗ ಮುಚ್ಕೊಂಡು ಕುಂತಿದ್ಳರಿ. ನಮ್ಮ ಮಂದ್ಯಾಗ ಯಾರೂ ಏಳಲಿಲ್ಲ. ನಾನ ಹೋಗಿ ಕೇಳಿದೆ, ನೆಂಟರ ಮನಿಗೇನ್ರೀ ಯವ್ವಾ ಅಂತ."

"ಏನಂದ್ಳು?"

"ಹೂಂ ಅಂದ್ಳು. ನಾವೂ ಅಲ್ಲಿಗೇರಿ, ಬರ್ರಿ ಚಹಾ ಕುಡಿಯೂಣು ಅಂದೆ."