ಅವ್ವನ ಪಾಲಿನ ಎರಡು ಗುಂಡು

ಆ ಜ್ವರದ ಕಾಲದಲ್ಲಿ ನಾನು ಮೀನು ಹಿಡಿಯಲು ಹೋಗುತ್ತಿದ್ದೆ. ಕಾದಂಬರಿ ಓದುತ್ತಿದ್ದೆ. ಅವ್ವ ಸತ್ತಾಗ ಕೋವಿ ಹೊಡೆಯಲು ಬಿಡಲಿಲ್ಲ. ಊರಿನವರು ಇಂದಿಗೂ ನನ್ನ ಮೇಲೆ ಹೊರಿಸುವ ಆಪಾದನೆಗಳು ಇವು, ಎಲ್ಲವೂ ನಿಜ. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕೂತಿರುವುದು ಕ್ಷಮೆ ಕೇಳುವುದಕ್ಕಲ್ಲ. ಹಾಗೆಂದು ಕಾದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮದ್ರಾಸಿನಲ್ಲಿ ವೈದ್ಯ ಕಲಿತು ಬಂದ ನನ್ನನ್ನು ಸರ್ಕಾರ ಕೊಡಗಿನ ಹುದಿಕೇರಿಯ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹಾಕಿತ್ತು. ಮನೆಯಿಂದ ಗದ್ದೆ ದಾಟಿದರೆ ಆಸ್ಪತ್ರೆ. ಎರಡು ಕೋಣೆ, ಒಂದು ಜಗಲಿ, ಸದಾ ಗೊಣಗುವ ಒಬ್ಬ ಕಾಂಪೌಂಡರ್. ಮಲೇರಿಯಾಕ್ಕೆ ಕ್ವಿನೈನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಷ್ಟೇ ಕೆಲಸ ಎಂದು ಹಾಯಾಗಿದ್ದೆ. ಯುರೋಪಿನ ಯುದ್ಧ ಮುಗಿಯುತ್ತ ಬಂದಿತ್ತು. ಮಳೆ ಹಿಂದೆಗೆಯುವ ಹೊತ್ತಿಗೆ ಆ ಜ್ವರ ಬಂತು. ಪತ್ರಿಕೆಗಳು ಅದನ್ನು ಇನ್‌ಫ್ಲುಯೆಂಜಾ ಎಂದು ಕರೆದವು. ನಮ್ಮವರು ಕೊನೆಯವರೆಗೂ ಬರೀ "ಆ ಜ್ವರ" ಎಂದರು. ಬೆಳಿಗ್ಗೆ ಗದ್ದೆಗೆ ಇಳಿದ ಗಟ್ಟಿಯಾಳು ಸಂಜೆಗೆ ಚಾಪೆ ಹಿಡಿಯುತ್ತಿದ್ದ. ಎಸ್ಟೇಟಿನ ಕೂಲಿಲೈನುಗಳಲ್ಲಿ ಒಲೆ ಹಚ್ಚುವವರೇ ಇರಲಿಲ್ಲ.

ನನ್ನ ಬಳಿ ಜ್ವರಗಳ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಇಟ್ಟಿಗೆಯಷ್ಟು ಭಾರ. ಎಲ್ಲ ಜ್ವರಕ್ಕೂ ಅದರಲ್ಲಿ ದೊಡ್ಡ ದೊಡ್ಡ ಅಧ್ಯಾಯ, ಇದೊಂದಕ್ಕೆ ಮಾತ್ರ ಅರ್ಧ ಪುಟ. ಆ ಅರ್ಧ ಪುಟದಲ್ಲೂ ಔಷಧವಿರಲಿಲ್ಲ. ಹಾಗಾಗಿ ನಾನು ಮನೆಮನೆಗೆ ಹೋಗಿ ಕಿಟಕಿ ತೆರೆಸಿದೆ, ಗಂಜಿ ಕುಡಿಸಲು ಹೇಳಿದೆ, ಜ್ವರ ಬಂದವರನ್ನು ಬೇರೆ ಮಲಗಿಸಲು ಹೇಳಿದೆ, ಇನ್ನೊಬ್ಬರ ಮನೆಗೆ ಕಾಲಿಡಬೇಡಿ ಎಂದೆ. "ಇಷ್ಟು ಹೇಳ್ಲಿಕ್ಕೆ ಮದ್ರಾಸಿಗೆ ಹೋಗ್ಬೇಕಿತ್ತಾ?" ಎಂದು ಒಬ್ಬರು ಕೇಳಿದರು. ಹೋಗದೇ ಇದ್ದಿದ್ದರೆ ಇಷ್ಟನ್ನೂ ನೀವು ಕೇಳುತ್ತಿರಲಿಲ್ಲ ಎಂದೆ.

ಸಂಜೆ ಒಂದು ಗಳಿಗೆ ಮಾತ್ರ ನನ್ನದು. ಬಿದಿರಿನ ಗಾಳ ಹಿಡಿದು ತೋಡಿನ ಬದಿಗೆ ಹೋಗಿ ಕೂರುತ್ತಿದ್ದೆ. ಮೀನು ಸಿಕ್ಕಿದ್ದು ಕಡಿಮೆ. ಜನ ಸಾಯ್ತಾ ಇರುವಾಗ ಡಾಕ್ಟ್ರು ಗಾಳ ಹಾಕಿ ಕೂತಿದ್ದಾರೆ ಎಂಬ ಮಾತು ಪೊನ್ನಂಪೇಟೆಯ ಸಂತೆಯವರೆಗೂ ಹೋಯಿತು. ಹೋಗಲಿ. ಹಾಗೆ ಕೂರದ ಒಂದು ದಿನ, ಕಣ್ಣು ಎಳೆಯುತ್ತಿದ್ದಾಗ, ಒಬ್ಬನ ಔಷಧದ ಸೀಸೆಯನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದೆ. ಎರಡೂ ಬಣ್ಣದ ನೀರಿಗಿಂತ ಹೆಚ್ಚಿನದಲ್ಲವಾದ್ದರಿಂದ ಇಬ್ಬರೂ ಬಚಾವಾದರು. ಮರುದಿನದಿಂದ ಮತ್ತೆ ತೋಡಿಗೆ ಹೋದೆ.

ಕಾದಂಬರಿಯ ಆಪಾದನೆ ಮೇಲಿನಿಂದ ಬಂದದ್ದು. ತಪಾಸಣೆಗೆ ಬಂದ ದೊರೆ ವೈದ್ಯರು ಮೇಜಿನ ಮೇಲೆ ದಪ್ಪ ಪುಸ್ತಕದ ಪಕ್ಕದಲ್ಲಿದ್ದ ಇಂಗ್ಲಿಷ್ ಕಥೆಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, ಇದು ಇಂಥದ್ದನ್ನು ಓದುವ ಕಾಲವೇ ಎಂದು ಕೇಳಿದರು. ದಪ್ಪ ಪುಸ್ತಕವನ್ನು ಓದಿ ಮುಗಿಸಿದ್ದೇನೆ, ಅದರಲ್ಲಿ ಏನೂ ಇಲ್ಲ ಎಂದೆ. ಅವರ ಮುಖ ಕೆಂಪಾಯಿತು. ನನ್ನ ಬಡ್ತಿ ಅಲ್ಲಿಗೇ ನಿಂತಿತು ಎಂದು ಕಾಂಪೌಂಡರ್ ಹೇಳುತ್ತಿದ್ದ. ಅವನು ಹೇಳಿದ್ದು ಸರಿಯೇ.

ನಿಜವಾಗಿ ಆ ಕಾದಂಬರಿಗಳನ್ನು ಓದುತ್ತಿದ್ದವಳು ಅವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಊಟವಾದ ಮೇಲೆ ಒಲೆಯ ಬದಿ ಕೂತು ನಾನು ಆ ದಿನ ಓದಿದ್ದನ್ನು ನಮ್ಮ ಕೊಡವ ಮಾತಿನಲ್ಲಿ ಹೇಳಬೇಕು, ಅವಳು ನಡುನಡುವೆ ಬೈಯಬೇಕು. ಲಂಡನ್ನಿನ ಹುಡುಗಿಯರಿಗೆ ಬುದ್ಧಿ ಕಡಿಮೆ ಎಂಬುದು ಅವಳ ಅಭಿಪ್ರಾಯ. ಅಪ್ಪ ತೀರಿಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಒಲೆಯ ಬದಿಯಲ್ಲೇ.

ಇನ್ನು ಕೋವಿಯ ಮಾತು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಆ ಎರಡು ಗುಂಡು ಕಿವಿಗೆ ಬಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಜಗಳವಾಡಿ ಮಾತು ಬಿಟ್ಟವರೂ ಬರುತ್ತಾರೆ. ಬಂದು ಹೆಣದ ಕಾಲು ಮುಟ್ಟಿ, ಮನೆಯವರನ್ನು ಅಪ್ಪಿ ಅತ್ತು, ಮಣ್ಣಾಗುವವರೆಗೂ ನಿಲ್ಲುತ್ತಾರೆ. ಇಷ್ಟು ಒಳ್ಳೆಯ ಪದ್ಧತಿ ಬೇರೆಲ್ಲೂ ಇಲ್ಲವೆಂದು ಈಗಲೂ ನಂಬಿದ್ದೇನೆ. ಆ ಜ್ವರಕ್ಕೂ ಹರಡಲು ಅದಕ್ಕಿಂತ ಒಳ್ಳೆಯ ದಾರಿ ಬೇಕಿರಲಿಲ್ಲ.

ಮೊದಲು ನಾನು ಕೋವಿಯನ್ನು ತಡೆಯಲಿಲ್ಲ, ಜನರನ್ನು ತಡೆದು ನೋಡಿದೆ. ಒಂದು ಮನೆಯಲ್ಲಿ ಗುಂಡು ಕೇಳಿದ್ದೇ ಓಡಿಹೋಗಿ ಓಣಿಯ ಬಾಯಲ್ಲಿ ನಿಂತೆ. ಹಿಂದಕ್ಕೆ ಹೋಗಿ ಎಂದು ಕೈಮುಗಿದೆ. ಒಬ್ಬ ಮುದುಕರು ನನ್ನ ಕೈಯನ್ನು ಮೆಲ್ಲನೆ ಸರಿಸಿ, "ಕಿವಿಗೆ ಕೇಳಿದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ತದಾ ಮಗಾ?" ಎಂದು ಒಳಗೆ ಹೋದರು. ಉಳಿದವರೂ ಹೋದರು. ಆ ವಾರ ಕಳೆಯುವಷ್ಟರಲ್ಲಿ ಅವರ ಮನೆಗಳಿಗೇ ಬ್ಯಾಗು ಹಿಡಿದು ಹೋಗುತ್ತಿದ್ದೆ. ಆ ಮುದುಕರಿಗೂ ಎರಡು ಗುಂಡು ಹಾರಿತು, ಅದಕ್ಕೂ ಜನ ಬಂದರು. ಆಮೇಲೆ ಮನೆಮನೆಗೆ ಹೋಗಿ ಹೇಳಿದೆ, ಈ ಜ್ವರ ಇಳಿಯುವವರೆಗೆ ಕೋವಿ ಗೋಡೆಯ ಮೇಲೇ ಇರಲಿ ಎಂದು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಒಪ್ಪಿದರು. ಒಪ್ಪಿದವರು ಅಳುತ್ತಲೇ ಒಪ್ಪಿದರು.

ಅವ್ವನಿಗೆ ಇದು ಗೊತ್ತಾಯಿತು. ಒಲೆಯ ಬದಿ ಕಥೆಯ ನಡುವೆಯೇ ನನ್ನನ್ನು ತಡೆದಳು.

"ಊರಿಗೆಲ್ಲ ಬೇಡ ಅಂದಿದ್ದೀಯಂತೆ. ನನ್ನದು ಬಂದರೆ ಹೊಡೆಸ್ತೀಯಲ್ಲ?"

ನಾನು ಮಾತು ಹಾರಿಸಿ, ತೋಡಿನಲ್ಲಿ ನೀರು ಇಳಿದಿದೆ ಎಂದೆ.

"ನೀನು ಹುಟ್ಟಿದಾಗ ಒಂದು ಹೊಡೆದ್ರು. ನಾನು ಹುಟ್ಟಿದಾಗ ಯಾರೂ ಹೊಡೀಲಿಲ್ಲ, ಹೆಣ್ಣಿಗೆ ಹೊಡೆಯೋದಿಲ್ಲ. ಹೆಣ್ಣಿಗೆ ಅಂತ ಇರೋದು ಕೊನೇದು ಎರಡೇ. ಅದು ನನ್ನ ಪಾಲಿಂದು, ತಿಳ್ಕೋ," ಎಂದಳು. ಆಮೇಲೆ, ಕಥೆಯ ಆ ಹುಡುಗಿ ರೈಲು ಹತ್ತಿದಳಾ ಎಂದು ಕೇಳಿದಳು. ನಾನು ಹತ್ತಿದಳು ಎಂದೆ.

ಜ್ವರ ಅವ್ವನಿಗೂ ಬಂತು. ನಾನೇ ತಂದುಕೊಟ್ಟಿರಬಹುದು, ವೈದ್ಯನ ಮನೆಗೆ ರೋಗ ಬೇರೆ ದಾರಿ ಹುಡುಕಬೇಕಾಗಿಲ್ಲ. ಅವಳು ಹೆಚ್ಚು ದಿನ ಮಲಗಲಿಲ್ಲ. ಕೈಲಾಗುವುದೆಲ್ಲ ಮಾಡಿದೆ, ಅಂದರೆ ಬಹಳವೇನೂ ಮಾಡಲಿಲ್ಲ. ಅವಳ ಉಸಿರು ಕೆಟ್ಟ ಬೆಳಿಗ್ಗೆ ಗೋಡೆಯ ಕೋವಿಯ ಕೆಳಗಿದ್ದ ಗುಂಡಿನ ತೋಟೆಗಳನ್ನೆಲ್ಲ ತೆಗೆದು ನನ್ನ ಬ್ಯಾಗಿಗೆ ಹಾಕಿದೆ. ಮಧ್ಯಾಹ್ನ ಅವಳು ಹೋದಳು. ನಾನು ಅವಳ ಕಾಲು ಹಿಡಿದು ಗಟ್ಟಿಯಾಗಿ ಅತ್ತೆ. ವೈದ್ಯ ಅಳಬಾರದು ಎನ್ನುವವರಿಗೆ ಅವ್ವ ಇರಲಿಲ್ಲವೋ ಏನೋ.

ಅಪ್ಪನ ಅಣ್ಣ, ನಮ್ಮ ಮಾತಿನಲ್ಲಿ ಬಲ್ಯಪ್ಪ, ಮನೆಯ ಹಿರಿಯರು. ಅವರು ಕೋವಿ ಇಳಿಸಿ, ತೋಟೆ ಹುಡುಕಿ, ನನ್ನ ಕಡೆ ತಿರುಗಿದರು.

"ಎಲ್ಲಿ?"

"ನನ್ನ ಬ್ಯಾಗಲ್ಲಿ ಉಂಟು."

"ಕೊಡು."

"ಕೊಡೋದಿಲ್ಲ ಬಲ್ಯಪ್ಪ. ಬೇರೆಯವರ ಅವ್ವಂದಿರಿಗೆ ಬೇಡ ಅಂದಿದ್ದೇನೆ."

"ಸೊಸೆಯಾಗಿ ಬಂದವಳು. ಈ ಮನೆಗೆ ದುಡಿದು ಸತ್ತವಳು. ಅವಳಿಗೆ ಹಿಂದೆಮುಂದೆ ಯಾರೂ ಇಲ್ಲ ಅಂತ ಊರು ಹೇಳ್ಬೇಕಾ?"

"ಹೇಳಲಿ."

ಅವರು ನನ್ನ ಕೆನ್ನೆಗೆ ಹೊಡೆದರು. ಕನ್ನಡಕ ನೆಲಕ್ಕೆ ಬಿತ್ತು. ಎತ್ತಿ ಹಾಕಿಕೊಂಡೆ. ಬ್ಯಾಗು ಬಿಡಲಿಲ್ಲ. ನೆರೆಮನೆಗೆ ಹೋಗಿ ತೋಟೆ ಬೇಡುವುದು ಅವರ ಮಾನಕ್ಕೆ ಒಗ್ಗದ ಕೆಲಸ. ಕೋವಿಯನ್ನು ಅವ್ವನ ಪಕ್ಕದಲ್ಲಿ ಮಲಗಿಸಿ, ಅವರೂ ಅತ್ತರು. ಮನೆಯ ನಾವು ನಾಲ್ವರೇ ಹೊತ್ತುಕೊಂಡು ಹೋದೆವು. ಅಷ್ಟು ಸದ್ದಿಲ್ಲದ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ಎಲ್ಲೋ ಯಾರೋ ಸೌದೆ ಒಡೆಯುತ್ತಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ.

ಸುದ್ದಿ ಆಮೇಲೆ ಹಬ್ಬಿತು. ಅವ್ವನನ್ನು ಕಳ್ಳನಂತೆ ಸಾಗಿಸಿದ ಮಗ ಎಂದರು. ಬಲ್ಯಪ್ಪ ಸಾಯುವವರೆಗೂ ನನ್ನ ಜೊತೆ ನೇರ ಮಾತಾಡಲಿಲ್ಲ, ಬೇಕಾದದ್ದನ್ನು ನಾಯಿಗೆ ಹೇಳುವ ಹಾಗೆ ಹೇಳಿ ನನಗೆ ಕೇಳಿಸುತ್ತಿದ್ದರು.

ಗದ್ದೆಯ ಆಚೆಯ ಮನೆಯಲ್ಲಿ ಅವ್ವನ ಗೆಳತಿಯೊಬ್ಬರಿದ್ದರು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ಜ್ವರ ಬರುವ ಹೊತ್ತಿಗೇ ಅವರಿಗೆ ದಮ್ಮಿನ ಕಾಯಿಲೆ, ನಾಲ್ಕು ಹೆಜ್ಜೆಗೆ ಏದುಸಿರು. ಊರಿನ ಜ್ವರ ಇಳಿದ ಮೇಲೆ ಅವರು ಕೋಲೂರಿಕೊಂಡು ಆಸ್ಪತ್ರೆಯ ಜಗಲಿಗೆ ಬಂದರು. ಔಷಧ ಬೇಡವೆಂದರು.

"ನನ್ನ ಕಿವಿ ಚೆನ್ನಾಗೇ ಕೇಳ್ತದೆ. ಅವಳಿಗೆ ಹುಷಾರಿಲ್ಲ ಅಂದ ದಿನದಿಂದ ಬಾಗಿಲಲ್ಲೇ ಕೂತಿದ್ದೆ, ಕೇಳಿದ ಕೂಡಲೇ ಹೊರಡೋದು ಅಂತ. ನೀನು ನಮಗೆ ಮೋಸ ಮಾಡಿದೆ."

ಕೂತು ಸುಧಾರಿಸಿಕೊಂಡು ಇನ್ನಷ್ಟು ಬೈದರು. ಆಮೇಲೂ ಎಷ್ಟೋ ವರ್ಷ, ದಾರಿಯಲ್ಲಿ ಸಿಕ್ಕಾಗಲೆಲ್ಲ ಬೈದರು. ಆ ದಿನ ಕೋವಿ ಹೊಡೆದಿದ್ದರೆ ಅವರು ಗದ್ದೆ ದಾಟಿ ಬರುತ್ತಿದ್ದರು, ಅವ್ವನ ಕಾಲು ಮುಟ್ಟುತ್ತಿದ್ದರು, ನನ್ನನ್ನು ಅಪ್ಪಿಕೊಳ್ಳುತ್ತಿದ್ದರು, ಬೈಯಲು ಉಳಿಯುತ್ತಿರಲಿಲ್ಲ. ನಾನು ಮಾಡಿದ ವೈದ್ಯಕ್ಕೆ ಯಾರಾದರೂ ಸಾಕ್ಷಿ ಕೇಳಿದರೆ ಆ ಬೈಗುಳವೇ ಸಾಕ್ಷಿ. ಅಂಥದ್ದೇ ಜ್ವರ ನಾಳೆ ಬಂದರೆ ನಾಳೆಯೂ ಹೀಗೇ ಮಾಡುತ್ತೇನೆ.

ಅಂದು ಬ್ಯಾಗಿಗೆ ಹಾಕಿದ ತೋಟೆಗಳಲ್ಲಿ ಎರಡನ್ನು ಇಟ್ಟುಕೊಂಡಿದ್ದೇನೆ. ಗಾಳದ ಕೊಕ್ಕೆಗಳ ಡಬ್ಬಿಯಲ್ಲಿವೆ. ಮಕ್ಕಳಿಗೆ ಹೇಳಿದ್ದೇನೆ, ನನ್ನ ಸರದಿ ಬಂದಾಗ ಊರಲ್ಲಿ ಜ್ವರವಿದ್ದರೆ ಕೋವಿ ಮುಟ್ಟಬೇಡಿ, ಸದ್ದಿಲ್ಲದೆ ಹೊತ್ತುಹಾಕಿ. ಜ್ವರವಿಲ್ಲದಿದ್ದರೆ ಮೊದಲು ಡಬ್ಬಿಯಲ್ಲಿರುವ ಆ ಎರಡನ್ನು ಹೊಡೆಯಿರಿ. ಹಳೆಯ ಮದ್ದು, ಹತ್ತದೆ ಇರಬಹುದು. ಹತ್ತದಿದ್ದರೆ ಹೊಸದನ್ನು ತಂದು ಹೊಡೆಯಿರಿ. ಅವು ಅವ್ವನವು. ಊರು ಕೇಳಿಸಿಕೊಂಡು ಬರಲಿ. ನನ್ನ ಎರಡು ಆಮೇಲೆ.