ಗಾಯರಾಣದ ಎಲುಬಿನ ರಾಶಿ

೧೯೬೩ರ ಬೇಸಿಗೆಯಲ್ಲಿ ನಾನು ಇಂಡಿ ತಾಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಅಗರಖೇಡದ ಆಚೆಗಿನ ಒಂದು ಹಳ್ಳಿಯಿಂದ ಹುಸೇನಸಾಬ ಎಂಬ ರೈತರು ಸೈಕಲ್ ತುಳಿದುಕೊಂಡು ದವಾಖಾನೆಗೆ ಬಂದರು. ಅವರ ಊರಿನಲ್ಲಿ ಒಂದರ ಹಿಂದೊಂದು ದನ ಬೀಳುತ್ತಿದ್ದವು. ಈಗ ಅವರ ಆಕಳ ಸರದಿ.

ನಾನು ಹೋದಾಗ ಅದು ಹಿಂಗಾಲು ಸೋತು ಬೇವಿನ ನೆರಳಲ್ಲಿ ಮಲಗಿತ್ತು. ಜ್ವರವಿಲ್ಲ, ಬಾವಿಲ್ಲ. ನಾಲಿಗೆ ಜೋತುಬಿದ್ದಿತ್ತು, ಹಿಡಿದೆಳೆದರೆ ಒಳಗೆ ಸೆಳೆದುಕೊಳ್ಳುವ ಶಕ್ತಿಯೂ ಇರಲಿಲ್ಲ.

“ಎಚ್ಚರ ಐತ್ರಿ ಡಾಕ್ಟರ್ರ. ಕರದ್ರ ಕಿವಿ ಅಳ್ಳಾಡಸ್ತೈತಿ. ಖರೆ ನೀರ ನುಂಗಾಕ ಬರವಲ್ದು,” ಎಂದರು ಹುಸೇನಸಾಬ.

ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇರಬಹುದೆಂದು ರಕ್ತ ಪರೀಕ್ಷಿಸಿದೆ. ಅದಲ್ಲ. ಸಂಜೆಗೆ ಉಸಿರಾಟದ ಸ್ನಾಯುಗಳೂ ಸೋತು ಆಕಳು ಸತ್ತಿತು. ಕೊನೆಯವರೆಗೂ ಅದು ನಮ್ಮನ್ನೇ ನೋಡುತ್ತಿತ್ತು.

ಊರವರು ಮಾತ್ರ ಕಾರಣ ಹುಡುಕಿಯಾಗಿತ್ತು. ಊರ ದನ ಮೇಯುವ ಗಾಯರಾಣದ ಅಂಚಿನಲ್ಲಿ ದುರ್ಗವ್ವ ಎಂಬ ವಿಧವೆ ಒಬ್ಬಳೇ ವಾಸವಾಗಿದ್ದಳು. ಸತ್ತ ದನಗಳ ಎಲುಬು ಆರಿಸಿ ರಾಶಿ ಹಾಕುವುದು ಆಕೆಯ ಕಸುಬು. ಗುತ್ತಿಗೆದಾರನ ಗಾಡಿ ಅದನ್ನು ರೈಲಿಗೆ ಒಯ್ಯುತ್ತಿತ್ತು. ಗಿರಣಿಯಲ್ಲಿ ಪುಡಿಯಾಗಿ ಅದು ಮುಂಬಯಿಯಿಂದ ಪರದೇಶಕ್ಕೆ ಹಡಗು ಹತ್ತುತ್ತಿತ್ತು. ಎಲುಬಿನ ಆಸೆಗೆ ಆಕೆಯೇ ವಿಷ ಹಾಕುತ್ತಿದ್ದಾಳೆ ಎಂಬುದು ಜನರ ತೀರ್ಮಾನ.

ಮರುದಿನ ನಾನು ಗಾಯರಾಣಕ್ಕೆ ಹೋಗುವಷ್ಟರಲ್ಲಿ ಆಕೆಯ ಗುಡಿಸಲಿನ ಮಾಡು ಕಿತ್ತು ಬಿಸಾಡಿದ್ದರು. ಗುಂಪಿನಲ್ಲಿ ಹುಸೇನಸಾಬರೂ ಇದ್ದರು. ದುರ್ಗವ್ವ ಒಡೆದ ಗಡಿಗೆಗಳ ನಡುವೆ ಕುಳಿತಿದ್ದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು.

“ಸತ್ತದ್ದರ ಎಲುಬ ಆರಸ್ತೇನ್ರಿ ಸಾಹೇಬ್ರ. ಜೀವಂತ ದನಾ ಕೊಲ್ಲಾಂಗಿಲ್ರಿ ನಾ,” ಎಂದಳು.

ಆಗ ಆಕೆಯ ಬೆನ್ನ ಹಿಂದೆ ಕಂಡ ದೃಶ್ಯ ನನ್ನನ್ನು ನಿಲ್ಲಿಸಿತು. ಹಾಲು ಕೊಡುವ ಆಕಳೊಂದು ರಾಶಿಯೊಳಗಿನ ಎಲುಬನ್ನು ಬಾಯಲ್ಲಿಟ್ಟು ಕಟಕಟ ಅಗಿಯುತ್ತಿತ್ತು. ಎಲುಬಿಗೆ ಕೊಳೆತ ಮಾಂಸ ಅಂಟಿತ್ತು.

ಮಣ್ಣಿನಲ್ಲಿ ಫಾಸ್ಫೇಟ್, ಅಂದರೆ ರಂಜಕದ ಅಂಶ, ಕಡಿಮೆಯಾದರೆ ಮೇವಿನಲ್ಲೂ ಕಡಿಮೆ. ಬೇಸಿಗೆಯ ಒಣಹುಲ್ಲಿನಲ್ಲಂತೂ ಇನ್ನೂ ಕಡಿಮೆ. ಹಾಲಿನಲ್ಲೂ ರಂಜಕ ಕಳೆದುಕೊಳ್ಳುವ ದನ ಆ ಕೊರತೆ ನೀಗಲು ಎಲುಬು ಅಗಿಯುತ್ತದೆ. ಕೊಳೆತ ಮಾಂಸದಲ್ಲಿ ಬೆಳೆಯುವ ಬಾಟ್ಯುಲಿನಮ್ ಎಂಬ ವಿಷ ಅದನ್ನು ಕೊಲ್ಲುತ್ತದೆ. ಪಠ್ಯದಲ್ಲಿ ದಕ್ಷಿಣ ಆಫ್ರಿಕದ ರೋಗವೆಂದು ಓದಿದ್ದೆ. ಗೊಬ್ಬರಕ್ಕೆ ಬೇಕಾದ ರಂಜಕದ ಕಲ್ಲನ್ನು ನಾವು ಮೊರೊಕ್ಕೊದಂಥ ದೇಶಗಳಿಂದ ತರಿಸುತ್ತಿದ್ದೆವು. ನಮ್ಮ ನೆಲದ ರಂಜಕ ಎಲುಬಾಗಿ ಹಡಗಿನಲ್ಲಿ ಹೋಗುತ್ತಿತ್ತು. ನಡುವೆ ಬರಿದಾದದ್ದು ಈ ಗಾಯರಾಣ.

“ಯಾರೂ ವಿಷ ಹಾಕಿಲ್ಲ,” ಎಂದು ಎಲ್ಲವನ್ನೂ ವಿವರಿಸಿದೆ. ಒಬ್ಬೊಬ್ಬರಾಗಿ ಚದುರಿದರು. ಬಿದ್ದ ಮಾಡನ್ನು ಯಾರೂ ಎತ್ತಿ ನಿಲ್ಲಿಸಲಿಲ್ಲ. ಹಣೆಗೆ ಪಟ್ಟಿ ಕಟ್ಟಿಸಿಕೊಂಡ ದುರ್ಗವ್ವ ಆ ಮಧ್ಯಾಹ್ನವೇ ಸಿಂದಗಿ ಕಡೆಯ ತಂಗಿಯ ಊರಿಗೆ ನಡೆದುಬಿಟ್ಟಳು.

ಶುದ್ಧ ಮಾಡಿದ ಎಲುಬಿನ ಪುಡಿಗಾಗಿ ಮೇಲಧಿಕಾರಿಗಳನ್ನು ಕೇಳಿದೆ, ಬರಲಿಲ್ಲ. ಕೊನೆಗೆ ಆಕೆ ಬಿಟ್ಟುಹೋದ ರಾಶಿಯನ್ನೇ ವಿಷ ಉಳಿಯದಂತೆ ಬೂದಿಯಾಗುವ ತನಕ ಸುಡಿಸಿ, ಉಪ್ಪಿನೊಡನೆ ದನಗಳಿಗೆ ನೆಕ್ಕಿಸಿದೆವು. ಕೆಲವರು ಹೇಸಿದರು, ಆಮೇಲೆ ಒಪ್ಪಿದರು. ಮಳೆಗಾಲದ ಹೊತ್ತಿಗೆ ಸಾವು ನಿಂತಿತು.

ಹುಸೇನಸಾಬರಿಗೆ ಮಾತ್ರ ಸಮಾಧಾನವಿರಲಿಲ್ಲ. ನನ್ನನ್ನೂ ಕರೆದುಕೊಂಡು ದುರ್ಗವ್ವನಿದ್ದಲ್ಲಿಗೆ ಹೋದರು. “ತಪ್ಪಾತವ್ವಾ. ಊರಿಗೆ ಬಾ. ಮನಿ ನಾ ಕಟ್ಟಿಸಿಕೊಡ್ತೇನಿ,” ಎಂದರು.

ಆಕೆ ನಮಗೆ ನೀರು ಕೊಡಲಿಲ್ಲ, ಬೈಯಲೂ ಇಲ್ಲ. “ದನಕ್ಕ ಏನ ಕಡಿಮಿ ಇತ್ತು ಅನ್ನೂದು ಡಾಕ್ಟರ್ರು ಹೇಳಿದ್ರು. ನಿಮಗೇನ ಕಡಿಮಿ ಇತ್ತೋ ಯಣ್ಣಾ?” ಎಂದಳು. ಆಕೆ ಬರಲಿಲ್ಲ.

ರೋಗದ ಕಾರಣ ಸಿಗುವುದು ತಡವಾದರೆ ಜನ ಒಬ್ಬ ಮನುಷ್ಯನನ್ನು ಹಿಡಿದುಕೊಳ್ಳುತ್ತಾರೆ. ಆಮೇಲಿನ ನೌಕರಿಯಲ್ಲಿ ದನ ಸಾಯುತ್ತಿವೆ ಎಂದು ಯಾವ ಊರಿಗೆ ಕರೆದರೂ, ದನದ ಮೈ ಮುಟ್ಟುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: “ಯಾರ ಮ್ಯಾಲ ಸಂಶೆ ಐತ್ರಿ?” ಅವರು ಹೆಸರಿಸಿದವರ ಮನೆಗೇ ಮೊದಲು ಹೋಗುತ್ತಿದ್ದೆ.